ಮಾಸೂರೂ ಮೆಸೊಪೊಟೇಮಿಯವೂ

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದಪ್ಪ ಪುಸ್ತಕಕ್ಕೆ ಒಂದು ಬಗೆಯ ಮರ್ಯಾದೆಯುಂಟು. ಅದನ್ನು ಓದುವವರಿಗಿಂತ ಒರಸುವವರೇ ಹೆಚ್ಚು. ನವರಾತ್ರಿಯಲ್ಲಿ ಸರಸ್ವತಿಯ ಪಟದ ಮುಂದೆ ಪುಸ್ತಕಗಳನ್ನು ಪೇರಿಸುವಾಗ ದಪ್ಪನೆಯದು ಕೆಳಕ್ಕೆ, ತೆಳುವಾದದ್ದು ಮೇಲಕ್ಕೆ. ಎಲ್ಲಕ್ಕೂ ಮೇಲೆ ಪಂಚಾಂಗ. ಹೀಗೆ ಅಡಿಗಲ್ಲಿನ ಕೆಲಸವನ್ನು ಮಾಡುತ್ತ ಬಂದಿರುವ ಗ್ರಂಥಗಳಲ್ಲಿ, ನಿಘಂಟುಗಳನ್ನು ಬಿಟ್ಟರೆ, ನಾಗರಿಕತೆಗಳ ಚರಿತ್ರೆಗಳೇ ಮುಖ್ಯವಾದವು. ನನ್ನ ಗೆಳೆಯರೊಬ್ಬರ ಮನೆಯಲ್ಲಿ ವಿಲ್ ಡ್ಯೂರಾಂಟರ ಹನ್ನೊಂದು ಸಂಪುಟಗಳೂ ಗಾಜಿನ ಬಾಗಿಲ ಹಿಂದೆ ಸಾಲಾಗಿ ನಿಂತಿವೆ. ಆ ಕಪಾಟಿನ ಬೀಗದ ಕೈ ಎಲ್ಲಿದೆಯೆಂಬುದು ಮಾತ್ರ ಮನೆಯವರಲ್ಲಿ ಯಾರಿಗೂ ತಿಳಿಯದು.

ನಗೆಯ ಮಾತು ಹಾಗಿರಲಿ. ಈ ಗ್ರಂಥಗಳನ್ನು ಬರೆದವರ ಸಾಹಸ ಸಾಮಾನ್ಯವಾದುದಲ್ಲ. ಎಚ್. ಜಿ. ವೆಲ್ಸ್ ಮೊದಲನೆಯ ಮಹಾಯುದ್ಧ ಮುಗಿದ ಕೂಡಲೆ, 1919-20ರಲ್ಲಿ, ಮನುಷ್ಯನ ಇಡೀ ಚರಿತ್ರೆಯನ್ನು ಹದಿನೈದು ದಿನಕ್ಕೊಂದು ಕಂತಿನಂತೆ ಬರೆದು ಜನಗಳ ಕೈಗೆ ಕೊಟ್ಟನು. ಒಬ್ಬರ ಚರಿತ್ರೆಯನ್ನು ಇನ್ನೊಬ್ಬರು ಓದಿಕೊಂಡಿದ್ದರೆ ಇಷ್ಟು ರಕ್ತ ಹರಿಯುತ್ತಿರಲಿಲ್ಲವೆಂಬುದು ಅವನ ನಂಬಿಕೆ. ಟಾಯನ್ಬಿ 1934ರಿಂದ 1961ರ ವರೆಗೆ ಹನ್ನೆರಡು ಸಂಪುಟಗಳನ್ನು ಬರೆದು, ಲೋಕದ ನಾಗರಿಕತೆಗಳನ್ನು ಒಂದೊಂದಾಗಿ ಎಣಿಸಿ, ಅವು ಹುಟ್ಟುವುದು ಹೇಗೆ, ಸಾಯುವುದು ಹೇಗೆ ಎಂದು ವೈದ್ಯನಂತೆ ನಾಡಿ ಹಿಡಿದು ನೋಡಿದನು. ಡ್ಯೂರಾಂಟರು 1935ರಲ್ಲಿ ಪೂರ್ವ ದೇಶಗಳ ಸಂಪುಟದಿಂದ ಮೊದಲುಮಾಡಿ 1975ರ ವರೆಗೆ, ಕೊನೆಕೊನೆಗೆ ಹೆಂಡತಿ ಏರಿಯಲ್‌ರ ಹೆಸರನ್ನೂ ತಮ್ಮ ಹೆಸರಿನ ಜೊತೆಗೆ ಇಟ್ಟುಕೊಂಡು, ನಾಲ್ವತ್ತು ವರ್ಷ ಬರೆದರು. ಆ ಮೊದಲ ಸಂಪುಟಕ್ಕಾಗಿ ಭಾರತವನ್ನು ನೋಡಲು ಬಂದವರು, ಇಲ್ಲಿನ ಬಡತನವನ್ನೂ ಬ್ರಿಟಿಷರ ಆಳ್ವಿಕೆಯನ್ನೂ ಕಂಡು ತಡೆಯಲಾರದೆ, ಹಿಡಿದ ಗ್ರಂಥವನ್ನು ಬದಿಗಿರಿಸಿ 1930ರಲ್ಲಿ ಭಾರತದ ಪರವಾಗಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಚರಿತ್ರಕಾರನು ಲೇಖನಿ ಕೆಳಗಿಟ್ಟು ಎದ್ದು ನಿಲ್ಲಬೇಕಾದ ಗಳಿಗೆಯೂ ಉಂಟೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಜವಾಹರಲಾಲರಂತೂ ಸೆರೆಮನೆಯಲ್ಲಿ ಕುಳಿತು, ಹತ್ತಿರ ಗ್ರಂಥಭಂಡಾರವಿಲ್ಲದೆ, ನೆನಪು ಮತ್ತು ಟಿಪ್ಪಣಿಗಳ ಬಲದಿಂದಲೇ ಮಗಳಿಗೆ ಜಗತ್ತಿನ ಕತೆಯನ್ನು 196 ಪತ್ರಗಳಲ್ಲಿ ಬರೆದರು. ತಂದೆಯಾದವನು ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಒಂದು ಲೋಕವನ್ನೇ ಕಳಿಸಿಕೊಟ್ಟದ್ದು ಎಂಥ ಮಾತು!

ಕನ್ನಡದಲ್ಲಿಯೂ ಈ ಸಾಹಸ ನಡೆದಿದೆ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಹೊರತಂದು, ಕನ್ನಡದ ಮಗುವೂ ಪಿರಮಿಡ್ಡಿನ ನೆರಳಿನಲ್ಲಿ ನಿಲ್ಲುವಂತೆ ಮಾಡಿದರು. ಎಸ್. ಶ್ರೀಕಂಠಶಾಸ್ತ್ರಿಗಳ ‘ಭಾರತೀಯ ಸಂಸ್ಕೃತಿ’ 1954ರಲ್ಲಿ ಬಂದಿತು. ನಿರಂಜನರು ಎಪ್ಪತ್ತರ ದಶಕದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನು ಸಂಪಾದಿಸಿ ಕೊಟ್ಟರು. ಇವೆಲ್ಲಕ್ಕೂ ಹಿಂದೆ, 1917ರಲ್ಲಿ, ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದಿದ್ದಿತು. ಹಂಪೆಯ ಹಾಳನ್ನು ಕಂಡು ಕದಡಿದ ಮನಸ್ಸಿನಿಂದ ಹುಟ್ಟಿದ ಆ ಪುಸ್ತಕವು, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ನೀವೂ ಒಂದು ಜನಾಂಗವೆಂದು ಹೇಳಿತು. 1956ರ ಏಕೀಕರಣದ ಬೇರುಗಳಲ್ಲಿ ಆ ಪುಸ್ತಕದ ಬೇರೂ ಒಂದು. ಪುಸ್ತಕದಿಂದ ಏನಾಗುತ್ತದೆಯೆಂದು ಕೇಳುವವರಿಗೆ ಇದನ್ನು ತೋರಿಸಬಹುದು.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಡ್ಯೂರಾಂಟರ ಆ ಮೊದಲ ಸಂಪುಟವನ್ನು ಒಂದು ಸಲ ನಾನು ಮಾಸೂರಿಗೆ ಒಯ್ದಿದ್ದೆ. ಹಿರೇಕೆರೂರು ಸೀಮೆಯ ಈ ಮಾಸೂರಿನ ಹೆಸರನ್ನು ಓದುಗರು ಸರ್ವಜ್ಞನ ಸಂಬಂಧದಿಂದ ಕೇಳಿರಬಹುದು. ಅಲ್ಲಿ ನನ್ನ ದೊಡ್ಡವ್ವನ ಮನೆ. ಪಟ್ಟಣದ ಗದ್ದಲದಲ್ಲಿ ಓದಲಾಗದ್ದನ್ನು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಓದಿ ಮುಗಿಸುವ ಹುಮ್ಮಸ್ಸು ನನಗೆ. ಹಳ್ಳಿಯಲ್ಲಿ ಒಬ್ಬನೇ ಕುಳಿತು ಓದುವುದೆಂಬುದು ಪಟ್ಟಣದವರ ಕಲ್ಪನೆಯೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ಪುಸ್ತಕದ ಗಾತ್ರವನ್ನು ನೋಡಿ ಕೇಳಿದಳು:

“ಅಷ್ಟು ದಪ್ಪ ಪುಸ್ತಕದಾಗ ಏನೈತೋ ತಮ್ಮಾ?”

“ಐದು ಸಾವಿರ ವರ್ಷದ ಹಿಂದಿನ ಮಂದಿ ಹೆಂಗ ಬದುಕ್ತಿದ್ರು ಅಂತ ಬರದಾರವ್ವ.”

“ಹೌದ? ಏನ ಉಣತಿದ್ರು ಅವರು?”

ಅರಸರ ಹೆಸರನ್ನಲ್ಲ, ಯುದ್ಧದ ತೇದಿಯನ್ನಲ್ಲ, ಅವಳು ಕೇಳಿದ್ದು ಊಟವನ್ನು. ಜವೆಯ ರೊಟ್ಟಿ, ಉಳ್ಳಾಗಡ್ಡಿ, ಮೀನು, ಖರ್ಜೂರ ಎಂದು ಸುಮೇರಿಯದ ಅಡಿಗೆಯನ್ನು ವರ್ಣಿಸಿದೆ. ಜವೆಯಿಂದಲೇ ಕಳ್ಳಿನಂಥದೊಂದನ್ನು ಮಾಡಿ ಕುಡಿಯುತ್ತಿದ್ದರೆಂಬುದನ್ನೂ ಹೇಳಿದೆ. “ಜ್ವಾಳ ಇರಲಿಲ್ಲೇನು ಪಾಪ!” ಎಂದು ಅವಳು ಮರುಗಿದಳು.

ಆ ಮಾತು ನನ್ನನ್ನು ಅವಳ ತಾಟಿನ ಕಡೆಗೆ ನೋಡುವಂತೆ ಮಾಡಿತು. ಜೋಳ ನಮ್ಮ ನೆಲದ ಬೆಳೆಯೆಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ಜೋಳವನ್ನು ಮೊದಲು ಸಾಕಿ ಬೆಳೆಸಿದವರು ಆಫ್ರಿಕದ ಸುಡಾನಿನ ಕಡೆಯ ಒಕ್ಕಲಿಗರು. ಅದು ಕಡಲು ದಾಟಿ ನಮ್ಮಲ್ಲಿಗೆ ಬಂದು ಮೂರೂವರೆ ಸಾವಿರ ವರ್ಷಗಳ ಮೇಲಾಯಿತು. ರೊಟ್ಟಿಯ ಬದಿಯ ಕೆಂಪು ಚಟ್ನಿಯ ಮೆಣಸಿನಕಾಯಿ, ನಮ್ಮ ಜಿಲ್ಲೆಯ ಬ್ಯಾಡಗಿಯ ಹೆಸರಿನಿಂದಲೇ ದೇಶವೆಲ್ಲ ಪ್ರಸಿದ್ಧವಾದದ್ದು, ಹುಟ್ಟಿದ್ದು ಅಮೆರಿಕದಲ್ಲಿ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗಿನಲ್ಲಿ ಬಂದಿಳಿಯುವ ವರೆಗೆ ಕನ್ನಡ ನಾಡಿನ ಯಾವ ಅರಸನೂ, ಯಾವ ಕವಿಯೂ ಮೆಣಸಿನಕಾಯಿಯನ್ನು ಕಚ್ಚಿದವನಲ್ಲ. ಇಮ್ಮಡಿ ಪುಲಕೇಶಿಯ ಪಾಕಶಾಲೆಯಲ್ಲಿ ಕರಿಮೆಣಸಿನಂಥವುಗಳ ಖಾರವಲ್ಲದೆ ಮೆಣಸಿನಕಾಯಿಯ ಖಾರ ಇರಲಿಲ್ಲ. ಶೇಂಗಾ ದಕ್ಷಿಣ ಅಮೆರಿಕದ್ದು. ಇಂದು ಹಿರೇಕೆರೂರಿನ ಹೊಲಗಳನ್ನೆಲ್ಲ ಮುಚ್ಚಿಕೊಂಡಿರುವ ಗೋವಿನಜೋಳ ಮೆಕ್ಸಿಕೋದ್ದು. ಮೂರು ಖಂಡಗಳ ಒಕ್ಕಲಿಗರು ಸಾವಿರಾರು ವರ್ಷ ದುಡಿದ ಫಲ ದೊಡ್ಡವ್ವನ ಒಂದು ತಾಟಿನಲ್ಲಿತ್ತು. ನಾಗರಿಕತೆಗಳ ಚರಿತ್ರೆಯೆಂದರೆ ಇದೂ ಹೌದಲ್ಲವೆ?

ದೊಡ್ಡವ್ವನ ಮೊಮ್ಮಗ ಹತ್ತನೆಯ ತರಗತಿಯ ಹುಡುಗ. ಪುಸ್ತಕದ ಹಾಳೆಗಳನ್ನು ತಿರುವಿಹಾಕಿ ಅವನೊಂದು ಪ್ರಶ್ನೆ ಕೇಳಿದ.

“ಕಾಕಾ, ಇದರಾಗ ನಮ್ಮೂರು ಎಲ್ಲೈತ್ರಿ?”

ಇಲ್ಲವೆಂದೆ. ಹಿರೇಕೆರೂರು? ಇಲ್ಲ. ಹಾನಗಲ್ಲು? ಅದೂ ಇಲ್ಲ. ಇಂಡಿಯಾ ಇದೆ, ವಿಜಯನಗರವಿದೆ ಎಂದು ಸಮಾಧಾನ ಹೇಳಿದೆ. ಹುಡುಗ ಪುಸ್ತಕವನ್ನು ಮುಚ್ಚಿ, ಮರ್ಯಾದೆಯಿಂದಲೇ, ನನ್ನ ಮುಂದಕ್ಕೆ ಸರಿಸಿದ. ಸಂಜೆ ತನ್ನ ಮೊಬೈಲಿನಲ್ಲಿ ಬಂದ ಒಂದು ಬರೆಹವನ್ನು ತಂದು ತೋರಿಸಿದ. ಮೆಸೊಪೊಟೇಮಿಯದಲ್ಲಿ ‘ಊರ್’ ಎಂಬ ಪಟ್ಟಣವಿತ್ತು. ಕನ್ನಡದಲ್ಲಿ ಊರು ಎಂದರೆ ಊರೇ. ಆದ್ದರಿಂದ ಅದನ್ನು ಕಟ್ಟಿದವರು ಕನ್ನಡಿಗರು. ಲೋಕಕ್ಕೆಲ್ಲ ನಾಗರಿಕತೆಯನ್ನು ಕಲಿಸಿದವರು ನಾವೇ ಎಂದು ಅದರಲ್ಲಿತ್ತು. ಹುಡುಗನ ಕಣ್ಣು ಮಿನುಗುತ್ತಿತ್ತು.

ಅಂದು ರಾತ್ರಿ ನನಗೆ ಬೇಗನೆ ನಿದ್ದೆ ಬರಲಿಲ್ಲ. ಒಂದು ಕಡೆ ದೊಡ್ಡ ದೊಡ್ಡ ಗ್ರಂಥಗಳು, ಅವುಗಳಲ್ಲಿ ನೀನಿಲ್ಲವೆನ್ನುತ್ತವೆ. ಇನ್ನೊಂದು ಕಡೆ ಅಂಗೈಯಗಲದ ಸುಳ್ಳು, ನಿನ್ನ ಹೊರತು ಇನ್ನೇನೂ ಇಲ್ಲವೆನ್ನುತ್ತದೆ. ಹದಿನಾರರ ಹುಡುಗ ಯಾವುದನ್ನು ಆರಿಸಿಕೊಂಡಾನು? ಎರಡು ಪದಗಳ ಸಪ್ಪಳ ಒಂದಾದ ಮಾತ್ರಕ್ಕೆ ಎರಡು ಜನಾಂಗಗಳು ಒಂದಾಗುವುದಿಲ್ಲ. ಸುಮೇರಿಯದ ಭಾಷೆಗೂ ಲೋಕದ ಬೇರೆ ಯಾವ ಭಾಷೆಗೂ ನೆಂಟಸ್ತನ ಇಂದಿಗೂ ಸಿದ್ಧಪಟ್ಟಿಲ್ಲ. ಇದನ್ನು ಹೇಳುವುದು ಸುಲಭ. ಆದರೆ ಹುಡುಗನ ಕೈಯಿಂದ ಸುಳ್ಳನ್ನು ಕಿತ್ತುಕೊಂಡ ಮೇಲೆ ಆ ಕೈಯಲ್ಲಿ ಏನನ್ನು ಇಡಬೇಕು? ಬರಿಗೈಯಲ್ಲಿ ಕಳಿಸಿದರೆ ಅವನು ಮರುದಿನವೇ ಇನ್ನೊಂದು ಸುಳ್ಳನ್ನು ಹಿಡಿದುಕೊಳ್ಳುತ್ತಾನೆ.

ಆದಕಾರಣ ಮುಂದಿನ ಕೆಲವು ದಿನ ನಾವಿಬ್ಬರೂ ತಿರುಗಾಟಕ್ಕೆ ಹೊರಟೆವು. ಡ್ಯೂರಾಂಟರು ಬರೆಯದೆ ಬಿಟ್ಟ ಹಾಳೆಗಳು ಮಾಸೂರಿನ ಸುತ್ತಮುತ್ತ ಎಷ್ಟಿವೆಯೆಂದು ನೋಡಬೇಕಾಗಿತ್ತು.

ಮೊದಲು ಹೋದದ್ದು ಶಿಗ್ಗಾಂವಿಯ ಕಡೆಯ ಬಂಕಾಪುರಕ್ಕೆ. ಇಂದು ಅಲ್ಲಿಗೆ ಹೋದವರು ನಗರೇಶ್ವರ ದೇವಾಲಯವನ್ನೂ ಕೋಟೆಯ ನವಿಲುಗಳನ್ನೂ ನೋಡಿ ಬರುತ್ತಾರೆ. ಆದರೆ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ನಡೆದದ್ದು ಶಕವರ್ಷ 820ರಲ್ಲಿ, ಇದೇ ಬಂಕಾಪುರದಲ್ಲಿ ಎಂದು ಅದರ ಪ್ರಶಸ್ತಿಯೇ ಹೇಳುತ್ತದೆ. ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲ. ಬನವಾಸಿ ನಾಡನ್ನು ಬಂಕೇಯನ ಮಗ ಲೋಕಾದಿತ್ಯ ಆಳುತ್ತಿದ್ದ. ಊರಿಗೆ ಆ ತಂದೆಯ ಹೆಸರೇ ನಿಂತಿತು. ಸಾವಿರದ ನೂರು ವರ್ಷಗಳ ಹಿಂದೆ ಒಂದು ಪುಸ್ತಕ ಮುಗಿದುದಕ್ಕಾಗಿ ಒಂದು ಊರು ಹಬ್ಬ ಮಾಡಿತು! ನಾವು ಸರಸ್ವತಿಯ ಪಟದ ಮುಂದೆ ಪುಸ್ತಕ ಪೇರಿಸುವುದಕ್ಕಿಂತ ಅದು ಹೆಚ್ಚಿನ ಹಬ್ಬವೇ ಸರಿ.

ಎರಡನೆಯದು ಬಳ್ಳಿಗಾವೆ. ಮಾಸೂರಿನಿಂದ ಶಿಕಾರಿಪುರದ ಹಾದಿ ಹಿಡಿದರೆ ಒಂದು ದಿನದಲ್ಲಿ ಹೋಗಿ ಬರಬಹುದು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ 1162ರ ಶಾಸನವೊಂದುಂಟು. ಮೈಸೂರಿನ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಬಿ. ಎಲ್. ರೈಸರು ಅದನ್ನು ಅಚ್ಚುಮಾಡಿಸಿದ್ದಾರೆ. ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದರ ಪಟ್ಟಿ ಅದರಲ್ಲಿದೆ. ವೇದಗಳ ಪಾಠ, ವ್ಯಾಕರಣಗಳ ಪಾಠ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ದರ್ಶನಗಳ ಸಾಲಿನಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧವೂ ಉಂಟು. ನಡೆಸುತ್ತಿದ್ದವರು ಕಾಳಾಮುಖ ಶೈವರು. ತಮ್ಮ ಮತವನ್ನು ಒಪ್ಪದವರ ಗ್ರಂಥವನ್ನು ತಮ್ಮ ಮನೆಯಲ್ಲಿಯೇ ಪಾಠ ಹೇಳುವುದೆಂದರೆ ಸಣ್ಣ ಮನಸ್ಸಿನ ಕೆಲಸವಲ್ಲ. ಅಷ್ಟೇ ಅಲ್ಲ, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ, ಹಾಡುವವರಿಗೂ ಕುಣಿಯುವವರಿಗೂ ಅನ್ನ, ನಾನಾ ದೇಶಗಳಿಂದ ಬಂದ ನಾನಾ ಮತದ ಭಿಕ್ಷುಕರಿಗೆ ಅನ್ನ, ರೋಗಿಗಳಿಗೆ ಔಷಧ, ಎಲ್ಲ ಪ್ರಾಣಿಗಳಿಗೂ ಅಭಯ. ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನ ಕೆಳಗೆ ಕೆರೆಯ ಕೋಡಿಯ ಬಳಿಯಲ್ಲಿದ್ದುವು. ಲೋಕದ ಯಾವ ನಾಗರಿಕತೆಯ ಚರಿತ್ರೆಯಲ್ಲಿಯೂ ಈ ಹಾಳೆಯನ್ನು ತಲೆಯೆತ್ತಿ ಸೇರಿಸಬಹುದು.

ಹುಡುಗ ಉಬ್ಬಿಹೋದ. ಮೂರನೆಯ ಹಾಳೆಗೆ ಅವನನ್ನು ಕರೆದೊಯ್ಯುವುದೋ ಬೇಡವೋ ಎಂದು ನಾನು ಅನುಮಾನಿಸಿದ್ದು ಆಗಲೇ.

ಆ ಮೂರನೆಯದು ಅಬಲೂರು. ಹಿರೇಕೆರೂರಿಗೆ ಹತ್ತಿರದ ಊರು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕತೆಯನ್ನು ಹೇಳುವ ದೊಡ್ಡ ಶಾಸನವಿದೆ. ಕಾಲ ಸುಮಾರು 1200. ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಓದಿ ಪ್ರಕಟಿಸಿದರು. ಆಳಂದದಿಂದ ಬಂದ ಶಿವಭಕ್ತ ರಾಮಯ್ಯನಿಗೂ ಊರಿನ ಜೈನರಿಗೂ ವಾದ ಹತ್ತಿತು. ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆಯುವೆನೆಂದು ರಾಮಯ್ಯ ಪಣ ತೊಟ್ಟ. ಏಳು ದಿನದ ಮೇಲೆ ತಲೆ ಮರಳಿ ಕೂಡಿತೆಂದು ಶಾಸನ ಹೇಳುತ್ತದೆ. ಜೈನರು ಮಾತಿಗೆ ನಿಲ್ಲಲಿಲ್ಲವೆಂದು ಅವನು ಜಿನನ ಮೂರ್ತಿಯನ್ನು ಒಡೆದ. ದೂರು ಬಿಜ್ಜಳನ ಬಳಿಗೆ ಹೋಯಿತು; ಬಿಜ್ಜಳ ರಾಮಯ್ಯನಿಗೇ ಜಯಪತ್ರ ಬರೆದುಕೊಟ್ಟ. ಮುಂದೆ ಹಾನಗಲ್ಲಿನ ಕದಂಬ ಕಾಮದೇವನೂ ಈ ದೇವಾಲಯಕ್ಕೆ ದತ್ತಿ ಬಿಟ್ಟ. ಗೋಡೆಯ ಮೇಲೆ ಇದೆಲ್ಲವನ್ನೂ ಕೆತ್ತಿ, ಇಂಥವರು ಇಂಥವರೆಂದು ಹೆಸರನ್ನೂ ಬರೆದಿದ್ದಾರೆ.

ಓದುಗರು ಒಂದನ್ನು ಗಮನಿಸಬೇಕು. ಕೋಡಿಯ ಮಠದ ಶಾಸನದ ಕಾಲವೂ ಇದೇ ಕಳಚುರಿ ಬಿಜ್ಜಳನ ಕಾಲ. ಒಬ್ಬನೇ ಅರಸ, ಒಂದೇ ಸೀಮೆ. ಒಂದು ಊರಿನಲ್ಲಿ ಬೌದ್ಧರ ಶಾಸ್ತ್ರವನ್ನೂ ಸೇರಿಸಿ ಪಾಠ ನಡೆಯುತ್ತಿದೆ. ಇನ್ನೊಂದು ಊರಿನಲ್ಲಿ ನೆರೆಯವರ ದೇವರು ಒಡೆಯುತ್ತಿದ್ದಾನೆ. ಒಂದನ್ನು ಮಾತ್ರ ಬರೆದರೆ ಅದು ಗತವೈಭವ. ಇನ್ನೊಂದನ್ನು ಮಾತ್ರ ಬರೆದರೆ ಅದು ಗತಕಲಹ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಬರೆದರೆ ಅದಕ್ಕೆ ಚರಿತ್ರೆ ಎಂದು ಹೆಸರು.

ಹುಡುಗ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡಾರೆಂಬಂತೆ, ಕೇಳಿದ:

“ಕಾಕಾ, ಇದರಾಗ ನಾವು ಯಾರ ಕಡೇದವರು?”

ನನ್ನ ಅರ್ಧ ಆಯುಷ್ಯದ ಓದಿನಲ್ಲಿ ಇಷ್ಟು ಕಠಿಣವಾದ ಪ್ರಶ್ನೆಯನ್ನು ಯಾವ ಪುಸ್ತಕವೂ ನನಗೆ ಹಾಕಿರಲಿಲ್ಲ. ಎಂಟುನೂರು ವರ್ಷಗಳಲ್ಲಿ ಎಷ್ಟು ಮನೆಗಳು ಮತ ಬಿಟ್ಟವೋ, ಎಷ್ಟು ಮನೆಗಳು ಮತ ಹಿಡಿದವೋ, ಯಾರ ಹೆಣ್ಣು ಯಾರ ಮನೆ ಸೇರಿದಳೋ, ಲೆಕ್ಕ ಇಟ್ಟವರಾರು? ಒಡೆದವನೂ ನಮ್ಮವನೇ, ಒಡೆಸಿಕೊಂಡವನೂ ನಮ್ಮವನೇ. ಇಬ್ಬರ ನೆತ್ತರೂ ನಮ್ಮಲ್ಲಿ ಕಲೆತಿರಬಹುದು. ಆದ್ದರಿಂದ ಅಂದಿನ ಜಗಳವನ್ನು ಇಂದು ಮುಂದುವರಿಸುವ ಹಕ್ಕು ನಮಗಿಲ್ಲ, ತಿಳಿದುಕೊಳ್ಳುವ ಹಕ್ಕು ಮಾತ್ರ ಇದೆ ಎಂದು, ನನಗೆ ತೋಚಿದಂತೆ ಹೇಳಿದೆ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಿರುಗಿ ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಬಳ್ಳಿಗಾವೆಯಿಂದ ಬರುವಾಗಿನ ಉಬ್ಬು ಇಳಿದಿತ್ತು. ಆದರೆ ಅಂದು ಪುಸ್ತಕ ಮುಚ್ಚಿ ಸರಿಸಿದಾಗಿನ ಮುಖವೂ ಅದಾಗಿರಲಿಲ್ಲ.

ನಾಲ್ಕನೆಯ ಹಾಳೆಗೆ ದೂರ ಹೋಗಬೇಕಾಗಿರಲಿಲ್ಲ. ಮಾಸೂರಿಗೆ ಅಂಟಿಕೊಂಡೇ ಮದಗದ ಕೆರೆ ಇದೆ. ಕುಮುದ್ವತಿ ಗುಡ್ಡಗಳ ನಡುವೆ ಹಾಯ್ದು ಬರುವಲ್ಲಿ, ವಿಜಯನಗರದ ಕಾಲದಲ್ಲಿ, ಬೆಟ್ಟಕ್ಕೆ ಬೆಟ್ಟವನ್ನು ಹೊಲಿದಂತೆ ಒಡ್ಡು ಹಾಕಿ ನೀರು ನಿಲ್ಲಿಸಿದರು. ಮದಗದ ಕೆರೆಯ ಹಾಡನ್ನು ಕೇಳದ ಕನ್ನಡಿಗರಿಲ್ಲ. ಕಡೂರು ಸೀಮೆಯವರು ಆ ಹೆಸರಿನ ಕೆರೆ ತಮ್ಮಲ್ಲಿಯದೆನ್ನುತ್ತಾರೆ. ಆಗಲಿ, ಎರಡು ಕೆರೆಗಳಿಗೂ ಸಾಲುವಷ್ಟು ದೊಡ್ಡ ಹಾಡು ಅದು. ಆದರೆ ಒಡ್ಡಿನ ಮೇಲೆ ನಿಂತು ಆ ಮಣ್ಣಿನ ರಾಶಿಯನ್ನು ನೋಡಿದರೆ ಅರಸನ ನೆನಪು ಬರುವುದಿಲ್ಲ. ಬುಟ್ಟಿ ಹೊತ್ತವರ ನೆನಪು ಬರುತ್ತದೆ. ಅವರ ಹೆಸರು ಶಾಸನದಲ್ಲಿಯೂ ಇಲ್ಲ, ಡ್ಯೂರಾಂಟರಲ್ಲಿಯೂ ಇಲ್ಲ.

ಅಂದು ಸಂಜೆ ಒಡ್ಡಿನ ಮೇಲೆಯೇ ಕುಳಿತು ಮೆಸೊಪೊಟೇಮಿಯದ ಕತೆಯನ್ನು ಹುಡುಗನಿಗೆ ಹೇಳಿದೆ. ಅದೂ ನೀರಿನ ಕತೆಯೇ. ಎರಡು ನದಿಗಳಿಂದ ಕಾಲುವೆ ತೆಗೆದು ಮರುಭೂಮಿಯಲ್ಲಿ ಜವೆ, ಗೋದಿ ಬೆಳೆದರು. ಬೆಳೆದದ್ದನ್ನು ಲೆಕ್ಕವಿಡಲು ಹಸಿಮಣ್ಣಿನ ಹಲಗೆಯ ಮೇಲೆ ಗೆರೆ ಕೊರೆದರು. ಮನುಷ್ಯನ ಮೊದಲ ಬರವಣಿಗೆ ಕಾವ್ಯವಲ್ಲ, ಸ್ತೋತ್ರವಲ್ಲ. ಇಷ್ಟು ಜವೆ ಬಂದಿತು, ಇಷ್ಟು ಕುರಿ ಹೋಯಿತು ಎಂಬ ಕಡತ. ನಮ್ಮ ಶಾನುಭೋಗರ ಕುಲಪುರುಷರೆಂದರೆ ಅವರೇ. ಆದರೆ ಕಾಲುವೆಯ ನೀರು ಹೊಲದಲ್ಲಿ ನಿಂತು ಆರಿದಂತೆಲ್ಲ ನೆಲದ ಉಪ್ಪು ಮೇಲಕ್ಕೆದ್ದಿತು. ಉಪ್ಪನ್ನು ತಾಳಲಾರದ ಗೋದಿ ಹಿಂದೆ ಸರಿಯಿತು. ತಾಳಬಲ್ಲ ಜವೆ ಉಳಿಯಿತು. ಕಾಲಕ್ರಮದಲ್ಲಿ ಜವೆಯ ಇಳುವರಿಯೂ ಕುಗ್ಗಿತು. ಕಾಲುವೆಗಳಲ್ಲಿ ಹೂಳು ತುಂಬಿತು. ಅರಸರು ಯುದ್ಧದಲ್ಲಿ ಸೋತದ್ದನ್ನು ಪುಸ್ತಕಗಳು ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ. ಹೊಲ ಉಪ್ಪಿಗೆ ಸೋತದ್ದನ್ನು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ. ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದ ಹಮ್ಮುರಾಬಿಯ ಕಟ್ಟಳೆಗಳಲ್ಲಿ, ತನ್ನ ಒಡ್ಡನ್ನು ಭದ್ರಮಾಡದೆ ಸೋಮಾರಿಯಾಗಿದ್ದು, ಅದು ಒಡೆದು ನೆರೆಯವನ ಹೊಲ ಕೊಚ್ಚಿಹೋದರೆ, ಅವನ ಧಾನ್ಯವನ್ನು ತುಂಬಿಕೊಡಬೇಕೆಂಬ ವಿಧಿಯಿದೆ.

“ಇದು ನಮ್ಮೂರಾಗೂ ಬೇಕಾಗಿತ್ತು ನೋಡ್ರಿ” ಎಂದ ಹುಡುಗ. ಕಾಲುವೆಯ ನೀರಿನ ಪಾಳಿಗಾಗಿ ಅವನ ಅಪ್ಪನಿಗೂ ಪಕ್ಕದ ಹೊಲದವರಿಗೂ ಮಾತು ಬಿಟ್ಟುಹೋಗಿದ್ದಿತು.

ಇನ್ನು ಸರ್ವಜ್ಞನ ಮಾತನ್ನೆತ್ತದೆ ಮಾಸೂರಿನಿಂದ ಎದ್ದುಬರುವಂತಿಲ್ಲ. ತಂದೆ ಮಾಸೂರಿನ ಬಸವರಸ, ತಾಯಿ ಅಂಬಲೂರಿನ ಕುಂಬಾರಗಿತ್ತಿ ಎಂದು ಐತಿಹ್ಯ. ಅಂಬಲೂರೆಂದರೆ ಇದೇ ಅಬಲೂರು. ಶಾಸನದ ಗೋಡೆ ಜಗಳವನ್ನು ಕಾದಿಟ್ಟ ಊರಿನಲ್ಲಿಯೇ, ಜಾತಿಯನ್ನೂ ಒಣ ಆಚಾರವನ್ನೂ ಜಗ್ಗಿ ಕೇಳಿದ ತ್ರಿಪದಿಯ ಕವಿ ಹುಟ್ಟಿದನೆಂದು ಜನ ನಂಬಿಕೊಂಡು ಬಂದಿದ್ದಾರೆ. ಜನರ ಮನಸ್ಸು ಆರಿಸಿಕೊಂಡದ್ದು ಯಾವುದನ್ನೆಂಬುದು ಇದರಿಂದ ತಿಳಿಯುತ್ತದೆ. ತನಗೆ ಸರ್ವಜ್ಞನೆಂಬ ಹೆಸರು ಬಂದದ್ದು ಗರ್ವದಿಂದಲ್ಲ, ಎಲ್ಲರಿಂದ ಒಂದೊಂದು ಮಾತನ್ನು ಕಲಿತದ್ದರಿಂದ ಎಂಬರ್ಥದ ಅವನ ವಚನ ಕನ್ನಡಿಗರಿಗೆಲ್ಲ ಬಾಯಿಪಾಠ. ನಾಗರಿಕತೆಗಳ ಚರಿತ್ರೆಯನ್ನು ಬರೆಯುವವನಿಗೂ ಓದುವವನಿಗೂ ಅದಕ್ಕಿಂತ ಒಳ್ಳೆಯ ದೀಕ್ಷಾಮಂತ್ರ ಸಿಕ್ಕಲಾರದು.

ಈ ವಚನಗಳನ್ನು ಒಟ್ಟುಗೂಡಿಸಿ ಗ್ರಂಥರೂಪಕ್ಕೆ ತಂದವರು ಯಾರು? ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ 1962ರ ವರೆಗೆ ಬಾಳಿದ ಈ ಮಹನೀಯರು ಒಂದು ಕೈಯಲ್ಲಿ ಬೈಬಲ್ಲನ್ನೂ ಇನ್ನೊಂದು ಕೈಯಲ್ಲಿ ವಚನಗಳ ಕಟ್ಟನ್ನೂ ಹಿಡಿದು ನಡೆದವರು. ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಎಂಬುದು ಅವರ ಒಂದು ಪುಸ್ತಕದ ಹೆಸರು. ಎರಡು ನಾಗರಿಕತೆಗಳು ಒಂದನ್ನೊಂದು ಹೇಗೆ ಮಾತಾಡಿಸಬೇಕೆಂಬುದು ಆ ಒಂದು ಹೆಸರಿನಲ್ಲಿಯೇ ಇದೆ: ಆಜ್ಞೆಯಲ್ಲ, ವಿನಂತಿ. ಹಸ್ತಪ್ರತಿಗಳಿಂದ ಹೆಕ್ಕಿ, ಜನರ ಬಾಯಿಂದ ಕೇಳಿ, ಹೋಲಿಸಿ, ಅವರು ಸರ್ವಜ್ಞನ ವಚನಗಳನ್ನು ಪ್ರಕಟಿಸಿದ್ದು 1924ರಲ್ಲಿ. ಕನ್ನಡಿಗರು ಅವರನ್ನು 1949ರಲ್ಲಿ ಗುಲಬರ್ಗಾ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿದರು.

1924 ಎಂಬ ಈ ಇಸವಿಯ ಬಗ್ಗೆ ಒಂದು ಮಾತು. ಸಿಂಧೂ ಕಣಿವೆಯ ಹರಪ್ಪ ಮತ್ತು ಮೊಹೆಂಜೊದಾರೊಗಳಲ್ಲಿ ಸಿಕ್ಕಿದ ಮಹಾ ನಾಗರಿಕತೆಯನ್ನು ಜಾನ್ ಮಾರ್ಷಲ್ ಲೋಕಕ್ಕೆ ಸಾರಿದ್ದೂ ಆ ವರ್ಷವೇ, ಸೆಪ್ಟೆಂಬರಿನಲ್ಲಿ. ಅಲ್ಲಿ ಸಾವಿರಾರು ಮುದ್ರೆಗಳ ಮೇಲೆ ಬರವಣಿಗೆ ಸಿಕ್ಕಿತು; ಅದನ್ನು ಓದಿ ಹೇಳುವ ಬಾಯಿ ಇರಲಿಲ್ಲ. ಇಂದಿಗೂ ಅದನ್ನು ಎಲ್ಲರೂ ಒಪ್ಪುವಂತೆ ಓದಿದವರಿಲ್ಲ. ಇಲ್ಲಿ ಸಾವಿರಾರು ಬಾಯಿಗಳಲ್ಲಿ ವಚನಗಳಿದ್ದುವು. ಅವಕ್ಕೆ ಮೈತುಂಬ ಪುಸ್ತಕವಿರಲಿಲ್ಲ. ಒಂದು ಕಡೆ ಬಾಯಿಲ್ಲದ ಬರೆಹ, ಇನ್ನೊಂದು ಕಡೆ ಬರೆಹವಿಲ್ಲದ ಬಾಯಿ. ಮೊದಲನೆಯದಕ್ಕೆ ಗುದ್ದಲಿ ಬೇಕಾಯಿತು, ಎರಡನೆಯದಕ್ಕೆ ಕಿವಿ ಬೇಕಾಯಿತು. ಗುದ್ದಲಿಯ ಕೆಲಸವನ್ನು ಲೋಕವೆಲ್ಲ ಹೊಗಳಿತು. ಕಿವಿಯ ಕೆಲಸವೂ ಅಷ್ಟೇ ದೊಡ್ಡದು. ಕೇಳಿ ಬರೆದಿಡುವವರು ಬರುವುದರೊಳಗೆ ಬಾಯಿ ಮುಚ್ಚಿಹೋದರೆ ಯಾವ ಗುದ್ದಲಿಯಿಂದಲೂ ಅದನ್ನು ಅಗೆದು ತೆಗೆಯಲಾಗುವುದಿಲ್ಲ.

2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರನ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಕೆಲವೇ ದಿನಗಳ ಅಂತರದಲ್ಲಿ ಅನಾವರಣಗೊಂಡುವು. ತಿರುವಳ್ಳುವರ್ ಅದಕ್ಕೆ ಮುಂಚೆ ಹದಿನೆಂಟು ವರ್ಷ ಮುಸುಕು ಹೊದೆದು ನಿಂತಿದ್ದ. ಎರಡು ನೆರೆಯ ನಾಡುಗಳು ಒಬ್ಬೊಬ್ಬ ಕವಿಯನ್ನು ಅದಲುಬದಲು ಮಾಡಿಕೊಂಡದ್ದು ಒಳ್ಳೆಯ ಕೆಲಸವೇ. ಪ್ರತಿಮೆ ನಿಂತಲ್ಲಿ ಪುಸ್ತಕವೂ ಹೋಗಿದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಆ ದಪ್ಪ ಗ್ರಂಥಗಳು ಬೇಡವೆ? ಬೇಕು, ಇನ್ನೂ ಹೆಚ್ಚು ಬೇಕು. ಪಕ್ಕದ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಕಡಲು ದಾಟಿ ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ‘ಭಾರತ ಸಿಂಧುರಶ್ಮಿ’ಯಲ್ಲಿ ವೇದಕಾಲದ ಜನಾಂಗಗಳು ಕೂಡಿ ಬಾಳುವುದನ್ನು ಕನಸಿದವರು. ಸವಣೂರನ್ನು ಬಲ್ಲವನಿಗೆ ಸಿಂಧು ದೂರವಾಗಲಿಲ್ಲ. ದೂರದ ನಾಗರಿಕತೆಯನ್ನು ಓದಿದವನಿಗೆ ತನ್ನ ಊರಿನ ಒಡ್ಡು ಕಾಣಿಸುತ್ತದೆ. ತನ್ನ ಊರಿನ ಒಡ್ಡನ್ನು ನೋಡಿದವನಿಗೆ ದೂರದ ಪುಸ್ತಕ ಅರ್ಥವಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಲ್ಲಿ ಕೆಲವರು ತಮ್ಮವರನ್ನು ಕೀಳಾಗಿ ಕಾಣುತ್ತಾರೆ, ಉಳಿದವರು ಮಿಕ್ಕ ಲೋಕವನ್ನು ಕೀಳಾಗಿ ಕಾಣುತ್ತಾರೆ. ಎರಡೂ ಒಂದೇ ಅಜ್ಞಾನದ ಎರಡು ಅಂಗಿಗಳು.

ಊರೂರಿನ ಶಾಲೆಯಲ್ಲಿ, ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ, ಜಗತ್ತಿನ ಚರಿತ್ರೆಯ ಪುಸ್ತಕದ ಪಕ್ಕಕ್ಕೆ ಆ ಊರಿನದೇ ಒಂದು ವಹಿ ಇರಬೇಕೆಂದು ನನ್ನ ಆಸೆ. ಅದರಲ್ಲಿ ಊರಿನ ಶಾಸನ, ಕೆರೆ, ಹಾಡು, ಜಗಳ, ಅಡಿಗೆ, ಬೆಳೆ ಎಲ್ಲವನ್ನೂ ಅಲ್ಲಿಯ ಹುಡುಗ ಹುಡುಗಿಯರೇ ಬರೆದಿಡಲಿ. ಚೆಂದದ್ದನ್ನು ಮಾತ್ರವಲ್ಲ, ಚೆಂದವಲ್ಲದ್ದನ್ನೂ. ಖರ್ಚು ಹೆಚ್ಚಲ್ಲ: ಇನ್ನೂರು ಪುಟದ ಒಂದು ನೋಟುಬುಕ್ಕು ಮತ್ತು ಕೇಳುವ ಕಿವಿ.

ಡ್ಯೂರಾಂಟರ ಸಂಪುಟವನ್ನು ನಾನು ಮಾಸೂರಿನಲ್ಲಿಯೇ ಬಿಟ್ಟುಬಂದೆ. ಬಹಳ ದಿನ ಅದರ ಸುದ್ದಿಯಿರಲಿಲ್ಲ; ರೊಟ್ಟಿಯ ಬುಟ್ಟಿಗೆ ಮುಚ್ಚಳವಾಗಿದೆಯೋ ಏನೋ ಎಂದುಕೊಂಡಿದ್ದೆ. ಮೊನ್ನೆ ರಾತ್ರಿ ಹುಡುಗನ ದೂರವಾಣಿ ಬಂತು. ಯೋಗಕ್ಷೇಮ ಏನನ್ನೂ ಕೇಳದೆ, ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನ ದನಿಯಲ್ಲಿ, ನೇರವಾಗಿ ಕೇಳಿದ:

“ಕಾಕಾ, ಆ ಊರ್ ಪಟ್ಟಣದವರು ಕಾಲುವೆದಾಗಿನ ಹೂಳು ಎಷ್ಟು ವರ್ಷಕ್ಕೊಮ್ಮೆ ತೆಗಸ್ತಿದ್ರು, ಅದರ ಪಗಾರ ಯಾರು ಕೊಡ್ತಿದ್ರು, ಇದರಾಗ ಬರದಿಲ್ಲಲ್ರಿ?”